ದೊಡ್ಡ ನಾಯಿ ಮನೆಗೆ ಬಂದ ಮೇಲೆ: ಲಕ್ಷಣ ನೋಡಿ ಕಾರಣ ಹುಡುಕುವ ಬಗೆ

ಮರಿಯನ್ನು ತಂದರೆ ಅದು ಎಲ್ಲವನ್ನೂ ನಮ್ಮ ಮನೆಯಲ್ಲೇ ಕಲಿಯುತ್ತದೆ. ನಾಲ್ಕು ವರ್ಷದ ನಾಯಿ ಬರುವಾಗ ನಾಲ್ಕು ವರ್ಷದ ದಿನಚರಿಯನ್ನು ಹೊತ್ತುಕೊಂಡೇ ಬರುತ್ತದೆ. ಅದು ಎಷ್ಟು ಹೊತ್ತಿಗೆ ಉಣ್ಣುತ್ತಿತ್ತು, ಯಾವ ನೆಲದ ಮೇಲೆ ಮಲಗುತ್ತಿತ್ತು, ಯಾರ ದನಿಗೆ ಏಳುತ್ತಿತ್ತು ಎಂಬುದು ನಮಗೆ ತಿಳಿದಿರುವುದಿಲ್ಲ. ನಾವು 'ದೋಷ' ಎಂದು ಕರೆಯುವ ಹೆಚ್ಚಿನ ಸಂಗತಿಗಳು ಹಳೆಯ ಜಾಗಕ್ಕೆ ಸರಿಯಾಗಿದ್ದ ಅಭ್ಯಾಸಗಳು.

ನಮ್ಮ ಮೋತ್ಯಾ ಏಪ್ರಿಲ್ ತಿಂಗಳಲ್ಲಿ ಕಲಬುರಗಿಯ ಹೊರವಲಯದ ಒಂದು ತೊಗರಿ ಬೇಳೆ ಮಿಲ್ಲಿನಿಂದ ಬಂತು. ಅದನ್ನು ಸಾಕಿದ್ದ ಕಾವಲುಗಾರ ಕಾಕಾ ಕೆಲಸ ಬಿಟ್ಟು ಊರಿಗೆ ಮರಳುತ್ತಿದ್ದರು. ಕಿವಿಯ ತುದಿ ಕತ್ತರಿಸಿತ್ತು, ಅಂದರೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ ಎಂಬ ಗುರುತು. ಈ ಕೈಪಿಡಿಯಲ್ಲಿರುವ ಲಕ್ಷಣಗಳಲ್ಲಿ ಅರ್ಧದಷ್ಟನ್ನು ಅದು ಮೊದಲ ವಾರದಲ್ಲೇ ತೋರಿಸಿ ಮುಗಿಸಿತು.

ಯಾವ ಲಕ್ಷಣವೇ ಇರಲಿ, ಎರಡು ಪುಕ್ಕಟೆ ಸಾಧನಗಳನ್ನು ಮೊದಲು ಕೈಗೆತ್ತಿಕೊಳ್ಳಿ. ಒಂದು, ಹಿಂದೆ ಸಾಕಿದವರಿಗೆ ಒಂದು ಫೋನ್ ಕರೆ. ಏನು, ಯಾವ ಹೊತ್ತಿಗೆ, ಯಾವ ಪಾತ್ರೆಯಲ್ಲಿ ತಿನ್ನುತ್ತಿತ್ತು; ಎಲ್ಲಿ ಮಲಗುತ್ತಿತ್ತು; ಮೂತ್ರಕ್ಕೆ ಎಲ್ಲಿ ಹೋಗುತ್ತಿತ್ತು; ಯಾವುದಕ್ಕೆ ಹೆದರುತ್ತಿತ್ತು; ರೇಬೀಸ್ ಲಸಿಕೆ ಆಗಿದೆಯೇ. ಇಷ್ಟು ಕೇಳಿದರೆ ಸಾಕು. ಇನ್ನೊಂದು, ಒಂದು ನೋಟ್‌ಬುಕ್. ತಿಂದದ್ದು, ಕುಡಿದದ್ದು, ಮೂತ್ರ, ಮಲ, ನಿದ್ದೆ: ಐದು ಕಾಲಂ. ಮುಂದೆ ವೈದ್ಯರ ಬಳಿ ಹೋಗಬೇಕಾಗಿ ಬಂದರೆ ಅವರು ಕೇಳುವುದೂ ಇದನ್ನೇ.

ಅಂದಾಜಿಗೆ ಒಂದು ಲೆಕ್ಕ ನೆನಪಿರಲಿ. ದಿಗಿಲು ಇಳಿಯಲು ಮೂರು ದಿನ, ದಿನಚರಿ ಕೂರಲು ಮೂರು ವಾರ, ಇದು ನನ್ನ ಮನೆ ಅನ್ನಿಸಲು ಮೂರು ತಿಂಗಳು. ಇದು ಪಂಚಾಂಗವಲ್ಲ. ಕೆಲವು ನಾಯಿಗಳು ಮುಂಚೆಯೇ ಹೊಂದಿಕೊಳ್ಳುತ್ತವೆ, ಕೆಲವು ವರ್ಷ ತೆಗೆದುಕೊಳ್ಳುತ್ತವೆ.

ಇವು ಕಂಡರೆ ಓದುವುದನ್ನು ಇಲ್ಲಿಗೇ ನಿಲ್ಲಿಸಿ ವೈದ್ಯರಲ್ಲಿಗೆ ಹೊರಡಿ

- ಹೊಟ್ಟೆ ಉಬ್ಬಿದೆ, ಓಕರಿಸುತ್ತಿದೆ, ಆದರೆ ಏನೂ ಹೊರಬರುತ್ತಿಲ್ಲ
- ಮತ್ತೆಮತ್ತೆ ವಾಂತಿ, ಅಥವಾ ರಕ್ತ ಬೆರೆತ ಭೇದಿ
- ಮೂತ್ರಕ್ಕೆ ತಿಣುಕಿದರೂ ಹನಿ ಬರುತ್ತಿಲ್ಲ
- ಒಸಡು ಬಿಳಿಚಿಕೊಂಡಿದೆ, ಅಥವಾ ಇಟ್ಟಿಗೆಯಂತೆ ಕೆಂಪಾಗಿದೆ
- ತೂರಾಡುತ್ತಿದೆ, ಬೀಳುತ್ತಿದೆ, ಸೆಳವು ಬಂದಿದೆ
- ದವಡೆ ಜೋತುಬಿದ್ದಿದೆ, ಜೊಲ್ಲು ಸುರಿಯುತ್ತಿದೆ, ನೀರು ನುಂಗಲಾಗುತ್ತಿಲ್ಲ

ಕೊನೆಯ ಲಕ್ಷಣದಲ್ಲಿ ಗಂಟಲಿಗೆ ಮೂಳೆ ಸಿಕ್ಕಿರಬಹುದೆಂದು ಬಾಯಿಗೆ ಕೈ ಹಾಕಲೇಬೇಡಿ. ರೇಬೀಸ್ ಇದ್ದರೂ ಹೀಗೆಯೇ ಕಾಣುತ್ತದೆ. ನಾಯಿಯನ್ನು ಒಂದು ಕೋಣೆಯಲ್ಲಿ ಮುಚ್ಚಿ, ಮಕ್ಕಳನ್ನು ದೂರವಿಟ್ಟು, ಮೊದಲು ವೈದ್ಯರಿಗೆ ಫೋನ್ ಮಾಡಿ.

ಲಕ್ಷಣ: ತಟ್ಟೆ ಮುಟ್ಟುತ್ತಿಲ್ಲ

ಮೊದಲು ನೀರಿನ ಪಾತ್ರೆ ನೋಡಿ. ಊಟ ಬಿಟ್ಟ ನಾಯಿ ನೀರು ಕುಡಿಯುತ್ತಿದ್ದರೆ, ಕಣ್ಣಲ್ಲಿ ಲವಲವಿಕೆ ಇದ್ದರೆ, ಒಂದೆರಡು ದಿನ ಕಾಯಬಹುದು. ದಿಗಿಲಿಗೆ ಹಸಿವು ಮುಚ್ಚಿಹೋಗುವುದು ನಮಗೂ ಗೊತ್ತಿರುವ ವಿಷಯವೇ. ನೀರನ್ನೂ ಮುಟ್ಟದಿದ್ದರೆ ಲೆಕ್ಕ ಬೇರೆ: ಸಾಮಾನ್ಯ ದಿನಗಳಲ್ಲಿ ಒಂದು ದಿನ, ನಮ್ಮ ಬೇಸಿಗೆಯಲ್ಲಿ ಅರ್ಧ ದಿನ, ಅದಕ್ಕಿಂತ ಹೆಚ್ಚು ಕಾಯಬೇಡಿ.

ನೀರು ಕುಡಿಯುತ್ತಿದೆ ಎಂದಾದರೆ ಒಸಡು ನೋಡಿ. ತುಟಿ ಎತ್ತಲು ಬಿಟ್ಟರೆ ಮಾತ್ರ, ಬಲವಂತ ಬೇಡ. ಆರೋಗ್ಯದ ಒಸಡು ಗುಲಾಬಿ ಬಣ್ಣಕ್ಕೆ ಇರುತ್ತದೆ, ಕೆಲವು ನಾಯಿಗಳಿಗೆ ಕಪ್ಪು ಮಚ್ಚೆಯೂ ಸಹಜ. ಬೆರಳಿನಿಂದ ಒತ್ತಿ ಬಿಟ್ಟರೆ ಬೆಳ್ಳಗಾದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿಯಾಗಬೇಕು.

ಇವೆರಡೂ ಸರಿ ಇದ್ದರೆ ತಪ್ಪು ಬಹುಶಃ ತಟ್ಟೆಯ ಸುತ್ತಲೇ ಇದೆ. ನನ್ನ ಕಥೆ ಕೇಳಿ. ಅಂಗಡಿಯಿಂದ ದುಬಾರಿ ಆಹಾರದ ಚೀಲ ತಂದು, ಹೊಸ ಸ್ಟೀಲ್ ಬಟ್ಟಲಿನಲ್ಲಿ ಹಾಕಿ, ಸಂಜೆ ಏಳಕ್ಕೆ ಪಡಸಾಲೆಯ ನಡುವೆ ಇಟ್ಟು, ಮನೆಮಂದಿಯೆಲ್ಲ ಸುತ್ತ ನಿಂತು ನೋಡಿದೆವು. ಮೋತ್ಯಾ ಮೂಗು ತಂದಿತು. ಬಟ್ಟಲು ಕಲ್ಲುಹಾಸಿನ ಮೇಲೆ ಜಾರಿ 'ಠಣ್' ಎಂದಿತು. ಅಷ್ಟೇ, ಮಂಚದ ಕೆಳಗೆ ಹೋದದ್ದು ಬೆಳಗಿನ ತನಕ ಬರಲಿಲ್ಲ. ಮರುದಿನ ಕಾಕಾನಿಗೆ ಫೋನ್ ಮಾಡಿದೆ. "ರಾತ್ರಿ ಒಂಬತ್ತಕ್ಕೆ ಜೋಳದ ರೊಟ್ಟಿ ಮುರಿದು, ಬೇಳೆಯ ಕಟ್ಟಿನಲ್ಲಿ ನೆನೆಸಿ, ಜರ್ಮನ್ (ಅಲ್ಯೂಮಿನಿಯಂ) ಬೋಗುಣಿಯಲ್ಲಿ ಹಾಕಿರಿ. ಹಾಕಿ ನೀವು ಅತ್ತ ಹೋಗಿರಿ. ನಿಂತು ನೋಡಿದರೆ ಅದು ತಿನ್ನುವುದಿಲ್ಲ," ಎಂದರು. ಅವ್ವ ಅಟ್ಟದಿಂದ ಹಳೆಯ ಬೋಗುಣಿ ಇಳಿಸಿದರು. ಕೆಳಗೆ ಗೋಣಿತಾಟು ಹಾಸಿ, ಗೋಡೆಯ ಮಗ್ಗುಲಿಗೆ ಇಟ್ಟು ಒಳಗೆ ಹೋದೆವು. ಹತ್ತು ನಿಮಿಷಕ್ಕೆ ಬೋಗುಣಿ ಬೆಳಗಿಟ್ಟಂತೆ ಖಾಲಿ.

ಆದ್ದರಿಂದ ಕ್ರಮ ಇದು: ಜನ ದೂರ ಸರಿಯಿರಿ, ಪಾತ್ರೆಯ ಸದ್ದು ತೆಗೆಯಿರಿ, ಜಾಗ ಬದಲಿಸಿ, ಹೊತ್ತು ಬದಲಿಸಿ, ಕೊನೆಗೆ ಆಹಾರ ಬದಲಿಸಿ. ನಾವು ಸಾಮಾನ್ಯವಾಗಿ ಕೊನೆಯದರಿಂದ ಶುರು ಮಾಡುತ್ತೇವೆ. ಮೊದಲು ರೊಟ್ಟಿ, ತಿನ್ನಲಿಲ್ಲವೆಂದು ಅನ್ನ, ಆಮೇಲೆ ಕೋಳಿ, ಆಮೇಲೆ ಬಿಸ್ಕತ್ತು. ಮೂರನೇ ದಿನಕ್ಕೆ ನಾಯಿಗೆ ಭೇದಿ, ನಮಗೆ ಗಾಬರಿ. ಹಳೆಯ ಊಟ ಏನಿತ್ತೋ ಅದನ್ನೇ ಒಂದು ವಾರ ಕೊಡಿ. ಆಮೇಲೆ ಹೊಸದನ್ನು ದಿನಕ್ಕಿಷ್ಟು ಬೆರೆಸುತ್ತ ಇನ್ನೊಂದು ವಾರದಲ್ಲಿ ಪೂರ್ತಿ ಬದಲಿಸಿ. ಬರೀ ರೊಟ್ಟಿ ಬೇಳೆ ಜೀವನಪೂರ್ತಿ ಸಾಲುವ ಆಹಾರವಲ್ಲ, ಮೊಟ್ಟೆ ಅಥವಾ ಮಾಂಸ ಬೇಕಾಗುತ್ತದೆ. ಆದರೆ ಆ ಚಿಂತೆ ಮೊದಲ ವಾರದ್ದಲ್ಲ.

ಎಚ್ಚರಿಕೆ ನಮ್ಮ ಅಡುಗೆಮನೆಗೇ ಸೇರಿದ್ದು. ಉಳ್ಳಾಗಡ್ಡಿ, ಬೆಳ್ಳುಳ್ಳಿ ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ, ಬೇಯಿಸಿದರೂ ವಿಷ ಹೋಗುವುದಿಲ್ಲ. ಆದ್ದರಿಂದ ಉಳಿದ ಝುಣಕ, ಒಗ್ಗರಣೆಯ ಬೇಳೆ, ಶೇಂಗಾ ಹಿಂಡಿ ಹಚ್ಚಿದ ರೊಟ್ಟಿ ಯಾವುದೂ ಬೇಡ. ಕಟ್ಟು ತೆಗೆಯುವುದು ಒಗ್ಗರಣೆಗೆ ಮುಂಚೆ, ಉಪ್ಪು ಖಾರ ಹಾಕುವ ಮುಂಚೆ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಕೂಡ ನಿಷಿದ್ಧ. ಬೇಯಿಸಿದ ಕೋಳಿ ಮೂಳೆ ಸೀಳಿ ಕರುಳಿಗೆ ಚುಚ್ಚುತ್ತದೆ. ಹಾಲು ಅನೇಕ ದೊಡ್ಡ ನಾಯಿಗಳಿಗೆ ಒಗ್ಗದೆ ಹೊಟ್ಟೆ ಕೆಡುತ್ತದೆ.

ಎರಡು ದಿನ ಪೂರ್ತಿ ಕಳೆದರೂ ತುತ್ತು ಮುಟ್ಟದಿದ್ದರೆ ಇನ್ನು ಮನೆಮದ್ದು ಸಾಕು, ವೈದ್ಯರಿಗೆ ತೋರಿಸಿ. ಹಲ್ಲು ನೋವಿನಿಂದ ಹಿಡಿದು ಉಣ್ಣಿಜ್ವರದ ತನಕ ಕಾರಣ ಏನೂ ಇರಬಹುದು.

ಲಕ್ಷಣ: ತೇಕುತ್ತಿದೆ, ನಾಲಗೆ ಜೋತುಬಿದ್ದಿದೆ

ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ತೇಕುವುದೇ ಅದರ ಕೂಲರ್. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ಯಾದಗಿರಿಗಳಲ್ಲಿ ಉಷ್ಣಾಂಶ 42 ಡಿಗ್ರಿ ದಾಟುವುದು ಹೊಸತಲ್ಲ. ಮಧ್ಯಾಹ್ನ ತೇಕುವ ನಾಯಿಯನ್ನು ನೋಡಿ ಗಾಬರಿಪಡಬೇಕಿಲ್ಲ, ಹಾಗೆಂದು ಪಕ್ಕಕ್ಕೆ ತಳ್ಳುವ ಲಕ್ಷಣವೂ ಅಲ್ಲ.

ಬೇರ್ಪಡಿಸುವುದು ಹೀಗೆ. ನೆರಳಿಗೆ, ಗಾಳಿಗೆ ಕರೆದು ನೀರಿಡಿ. ಸ್ವಲ್ಪ ಹೊತ್ತಿನಲ್ಲಿ ತೇಕು ಇಳಿದರೆ ಅದು ಬಿಸಿಲು. ತಂಪಾದ ಕೋಣೆಯಲ್ಲಿ, ರಾತ್ರಿಯ ಹೊತ್ತಿನಲ್ಲೂ ತೇಕುತ್ತಿದ್ದರೆ, ಜೊತೆಗೆ ಕಿವಿ ಹಿಂದಕ್ಕೆ ಅಂಟಿ, ಬಾಲ ಕಾಲ ಸಂದಿಗೆ ಸೇರಿದ್ದರೆ ಅದು ಭಯ. ಭಯದ ಗುರುತೂ ಇಲ್ಲ, ಬಿಸಿಲೂ ಇಲ್ಲ ಎಂದರೆ ನೋವು ಅಥವಾ ಜ್ವರ ಇರಬಹುದು. ಗಾಢ ನಿದ್ದೆಯಲ್ಲಿದ್ದಾಗ ಪಕ್ಕೆ ಏರಿಳಿಯುವುದನ್ನು ಒಂದು ನಿಮಿಷ ಎಣಿಸಿ. ಮೂವತ್ತರೊಳಗೆ ಇದ್ದರೆ ಸರಿ. ಮತ್ತೆಮತ್ತೆ ಅದಕ್ಕಿಂತ ಹೆಚ್ಚು ಬಂದರೆ ತೋರಿಸಿ. ನಾಯಿಯ ಸಹಜ ಉಷ್ಣಾಂಶ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್, ನಮಗಿಂತ ಹೆಚ್ಚು. ಕೈಗೆ ಮೈ ಬೆಚ್ಚಗೆ ತಗುಲಿದ ಮಾತ್ರಕ್ಕೆ ಜ್ವರವಲ್ಲ. ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೇನ್, ಡೈಕ್ಲೊಫೆನಾಕ್ ಗುಳಿಗೆಗಳನ್ನು ಅರ್ಧ ಮುರಿದೂ ಕೊಡಬೇಡಿ. ಯಕೃತ್ತು, ಮೂತ್ರಪಿಂಡ, ಕರುಳು ಹಾಳಾದ ಮೇಲೆ ಹಿಂದಿರುಗಿಸಲು ದಾರಿಯಿಲ್ಲ.

ದಪ್ಪ ಜೊಲ್ಲು, ಕೆಂಪೇರಿದ ಒಸಡು, ತೂರಾಟ, ವಾಂತಿ ಇವು ಕಂಡರೆ ಅದು ಶಾಖಾಘಾತ. ಮೊದಲು ತಂಪು ಮಾಡಿ, ಆಮೇಲೆ ಸಾಗಿಸಿ. ನೆರಳಿಗೆ ತಂದು ಮೈಮೇಲೆಲ್ಲ ನೀರು ಸುರಿದು ಫ್ಯಾನ್ ಹಚ್ಚಿ. ಆದರೆ ಸುರಿಯುವ ಮುನ್ನ ನಲ್ಲಿಯ ನೀರಿಗೆ ನಿಮ್ಮ ಕೈ ಒಡ್ಡಿ ನೋಡಿ. ಮೇ ತಿಂಗಳ ಮಧ್ಯಾಹ್ನ ಮಾಳಿಗೆಯ ಮೇಲಿನ ಟ್ಯಾಂಕಿನಿಂದ ಬರುವ ನೀರು ಸ್ನಾನಕ್ಕೂ ಆಗದಷ್ಟು ಕಾದಿರುತ್ತದೆ. ಬೇಸಿಗೆ ಮುಗಿಯುವ ತನಕ ಬಚ್ಚಲಲ್ಲಿ ಎರಡು ಬಕೆಟ್ ನೀರು ಬೆಳಗ್ಗೆಯೇ ಹಿಡಿದಿಡುವುದು ನಮ್ಮ ಮನೆಯ ರೂಢಿಯಾಗಿದೆ. ಒದ್ದೆ ಟವಲ್ ಹೊದಿಸಿ ಹಾಗೆಯೇ ಬಿಡಬೇಡಿ, ಅದು ಮೈಯ ಶಾಖವನ್ನು ಒಳಗೇ ಹಿಡಿದಿಡುತ್ತದೆ. ಪ್ರಜ್ಞೆ ತಪ್ಪಿದ ಬಾಯಿಗೆ ನೀರು ಹೊಯ್ಯಬೇಡಿ. ಚೇತರಿಸಿಕೊಂಡಂತೆ ಕಂಡರೂ ಅಂದೇ ವೈದ್ಯರಿಗೆ ತೋರಿಸಿ, ಒಳಗಿನ ಪೆಟ್ಟು ತಡವಾಗಿ ಕಾಣಿಸಿಕೊಳ್ಳುತ್ತದೆ.

ತಿರುಗಾಟ ಬೆಳಕು ಹರಿಯುವ ಹೊತ್ತಿಗೆ, ಮತ್ತೆ ರಾತ್ರಿ ಊಟದ ನಂತರ. ಡಾಂಬರಿನ ಮೇಲೆ ಹಿಂಗೈ ಇಟ್ಟು ಏಳು ಎಣಿಸಿ. ತಡೆಯಲಾಗದಿದ್ದರೆ ಅದರ ಪಾದಕ್ಕೂ ತಡೆಯಲಾಗುವುದಿಲ್ಲ.

ಲಕ್ಷಣ: ಮೂಲೆ ಬಿಟ್ಟು ಏಳುತ್ತಿಲ್ಲ

ಮಂಚದ ಕೆಳಗೆ, ಬಚ್ಚಲಲ್ಲಿ, ಬಾಗಿಲ ಹಿಂದೆ. ಮೊದಲ ಮೂರು ದಿನ ಇದು ದೋಷವೇ ಅಲ್ಲ. ಎಳೆಯಬೇಡಿ, ಬಗ್ಗಿ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ, ನೆಂಟರಿಗೆ ತೋರಿಸಬೇಡಿ. ಅಲ್ಲೇ ನೀರಿಡಿ. ಸ್ನಾನವನ್ನೂ ಒಂದು ವಾರ ಮುಂದೂಡಿ, ವಾಸನೆ ಬಂದರೆ ಬರಲಿ.

ನಾಲ್ಕನೇ ದಿನಕ್ಕೂ ಹಾಗೆಯೇ ಇದ್ದರೆ ನೆಲಕ್ಕೆ ಕುಳಿತು ಅದರ ಎತ್ತರದಿಂದ ಕೋಣೆಯನ್ನು ನೋಡಿ, ಕೇಳಿ. ನಾನು ಮಾಡಿದ ದೊಡ್ಡ ಉಪಕಾರವೇ ನಮ್ಮಲ್ಲಿ ದೋಷವಾಗಿತ್ತು: ಸೆಖೆಯೆಂದು ಅದರ ಕೌದಿಯನ್ನು ನೇರವಾಗಿ ಕೂಲರ್ ಎದುರು ಹಾಸಿದ್ದೆ. ಹಗಲೆಲ್ಲ ಮಿಲ್ಲಿನ ಯಂತ್ರದ ಸದ್ದಿನಲ್ಲಿ ಬೆಳೆದ ನಾಯಿಗೆ ಸದ್ದಿನ ಹೆದರಿಕೆ ಇರಲಾರದು ಎಂದುಕೊಂಡಿದ್ದೆ. ಮಿಲ್ಲಿನಲ್ಲಿ ಸದ್ದು ದೂರದಿಂದ ಬರುತ್ತಿತ್ತು. ಇಲ್ಲಿ ಒಂದು ತಗಡಿನ ಪೆಟ್ಟಿಗೆ ಗುಡುಗುಟ್ಟುತ್ತ ಮುಖಕ್ಕೇ ಗಾಳಿ ಊದುತ್ತದೆ, ಹುಲ್ಲು ಒದ್ದೆಯಾದ ವಾಸನೆ ಬೇರೆ. ಕೌದಿಯನ್ನು ಪಕ್ಕದ ಕೋಣೆಯ ಬಾಗಿಲ ಬಳಿಗೆ, ತಂಪು ತಲುಪುವ ಆದರೆ ಗಾಳಿ ಬಡಿಯದ ಜಾಗಕ್ಕೆ ಸರಿಸಿದ ರಾತ್ರಿಯೇ ಮೋತ್ಯಾ ಬಚ್ಚಲಿನಿಂದ ಹೊರಬಂದು ಅದರ ಮೇಲೆ ಸುತ್ತಿಕೊಂಡು ಮಲಗಿತು. ನಾಲ್ಕು ದಿನ ನಾನು ದೋಷ ಹುಡುಕಿದ್ದು ನಾಯಿಯಲ್ಲಿ.

ಕುಕ್ಕರ್ ಸೀಟಿ, ಮಿಕ್ಸರ್, ಛಾವಣಿಯ ಫ್ಯಾನ್ ಇವನ್ನೂ ಪರೀಕ್ಷಿಸಿ. ಪಾಲಿಶ್ ಮಾಡಿದ ನೆಲವೂ ಕಾರಣವಾಗಬಹುದು. ಮಣ್ಣಿನ ಮೇಲೆ ಬೆಳೆದ ನಾಯಿಗೆ ಟೈಲ್ಸ್ ಎಂದರೆ ಮಂಜುಗಡ್ಡೆ. ಬೋಗುಣಿಯಿಂದ ಬಾಗಿಲಿನವರೆಗೆ ಹಳೆಯ ಗೋಣಿಚೀಲಗಳ ಒಂದು ದಾರಿ ಹಾಸಿ, ನಡೆಯುತ್ತದೆಯೇ ನೋಡಿ.

ಏಳುವಾಗ ನರಳಿದರೆ, ಒಂದೇ ಕಾಲನ್ನು ಎತ್ತಿ ಹಿಡಿದರೆ ಅದು ಹೆದರಿಕೆಯಲ್ಲ, ನೋವು. ವೈದ್ಯರ ಕೆಲಸ.

ಲಕ್ಷಣ: ಮನೆಯೊಳಗೇ ಮೂತ್ರ ಮಾಡುತ್ತಿದೆ

ಎಷ್ಟು, ಎಲ್ಲಿ ಎಂದು ನೋಡಿ. ಬಾಗಿಲ ಚೌಕಟ್ಟಿಗೆ, ಸೋಫಾದ ಮೂಲೆಗೆ ಕಾಲೆತ್ತಿ ಒಂದಿಷ್ಟು ಹೊಯ್ದರೆ ಅದು ಗುರುತು ಹಾಕುವುದು. ನೀವು ಬಗ್ಗಿ ತಲೆ ಸವರಲು ಹೋದಾಗ ಕುಗ್ಗಿ ಒಂದಿಷ್ಟು ಜಿನುಗಿಸಿದರೆ ಅದು ಶರಣಾಗತಿ, ಬೈದಷ್ಟೂ ಹೆಚ್ಚುತ್ತದೆ. ನಡುಮನೆಯಲ್ಲಿ ಕೆರೆ ಮಾಡಿದರೆ ಅದು ಸುಮ್ಮನೆ ಹೊತ್ತು ಮೀರಿದ್ದು. ಅರ್ಧ ಗಂಟೆಗೊಮ್ಮೆ ಚೂರುಚೂರು, ಬಣ್ಣ ಕೆಂಪು ಅಥವಾ ಕಾಫಿಯಂತೆ ಇದ್ದರೆ ಅದು ಕಾಯಿಲೆ.

ಹೊತ್ತು ಮೀರಿದ್ದಕ್ಕೆ ಮದ್ದು ಸುಲಭ: ಎದ್ದ ಕೂಡಲೇ, ಉಂಡ ಕೂಡಲೇ, ಮಲಗುವ ಮುನ್ನ, ನಡುವೆ ಎರಡು ಮೂರು ಗಂಟೆಗೊಮ್ಮೆ ಹೊರಗೆ. ಆದರೆ ಎಲ್ಲಿಗೆ ಎಂಬುದೂ ಮುಖ್ಯ. ದೊಡ್ಡ ನಾಯಿಯ ಪಾದಕ್ಕೆ ಒಂದು ನೆಲದ ನೆನಪಿರುತ್ತದೆ. ಮಿಲ್ಲಿನ ಹಿಂದಿನ ಕರಿಮಣ್ಣಿಗೆ ಒಗ್ಗಿದ್ದ ಮೋತ್ಯಾ ಕಾಂಕ್ರೀಟ್ ಬೀದಿಯಲ್ಲಿ ಎಷ್ಟು ಸುತ್ತಿಸಿದರೂ ಮಾಡದೆ ಮನೆಗೆ ಮರಳಿ ತುಳಸಿಕಟ್ಟೆಯ ಮಗ್ಗುಲಲ್ಲಿ ಮುಗಿಸುತ್ತಿತ್ತು. ಅವ್ವನ ಮುಖ ನೀವೇ ಊಹಿಸಿಕೊಳ್ಳಿ. ಖಾಲಿ ನಿವೇಶನದ ಮಣ್ಣಿಗೆ ಕರೆದೊಯ್ದ ಮೇಲೆ ಮೂರೇ ದಿನದಲ್ಲಿ ಸರಿಹೋಯಿತು.

ಒರೆಸುವ ವಿಷಯದಲ್ಲಿ ನಮ್ಮ ಭಾಗಕ್ಕೇ ಒಂದು ತೊಡಕಿದೆ. ವಿನೆಗರ್ ಅಥವಾ ನಿಂಬೆರಸ ಹಾಕಿ ಎಂದು ಎಲ್ಲರೂ ಹೇಳುತ್ತಾರೆ. ನಮ್ಮ ಮನೆಗಳ ನೆಲ ಶಹಾಬಾದ್ ಕಲ್ಲು, ಅದು ಸುಣ್ಣದ ಕಲ್ಲು. ಹುಳಿ ತಾಗಿದರೆ ಮೈ ತಿಂದುಹೋಗಿ ಬಿಳಿ ಕಲೆ ನಿಲ್ಲುತ್ತದೆ. ಪಾಲಿಶ್ ಇಲ್ಲದ ಕಲ್ಲು ಮೂತ್ರವನ್ನು ಹೀರಿಕೊಳ್ಳುವುದರಿಂದ ಮೇಲೆ ಒರೆಸಿದರೆ ವಾಸನೆ ಹೋಗುವುದೂ ಇಲ್ಲ. ಮೊದಲು ಬಟ್ಟೆಯಿಂದ ಒತ್ತಿ ಹೀರಿಸಿ, ಸಾಕಷ್ಟು ನೀರು ಹೊಯ್ದು ತೊಳೆದು, ಅಡುಗೆ ಸೋಡಾ ಉದುರಿಸಿ ಒಣಗಲು ಬಿಟ್ಟು ಗುಡಿಸಿ. ಕಿಣ್ವವಿರುವ ದ್ರಾವಣ ಸಿಕ್ಕರೆ ಇನ್ನೂ ಒಳ್ಳೆಯದು. ಫಿನೈಲ್ ಬೇಡ. ಪಾದಕ್ಕೆ ತಾಗಿದ್ದನ್ನು ನಾಯಿ ನೆಕ್ಕುತ್ತದೆ.

ಮೂಗನ್ನು ತಿಕ್ಕುವುದು, ಚಪ್ಪಲಿ ಎತ್ತುವುದು ಇವೆಲ್ಲ ನಾಯಿಗೆ ಒಂದೇ ಪಾಠ ಕಲಿಸುತ್ತವೆ: ಇವರ ಕಣ್ಣೆದುರು ಮಾಡಬಾರದು. ಆಮೇಲೆ ಹೊರಗೆ ಕರೆದೊಯ್ದರೂ ನಿಮ್ಮೆದುರು ಮಾಡುವುದಿಲ್ಲ.

ಲಕ್ಷಣ: ರಾತ್ರಿ ಮಲಗುವುದಿಲ್ಲ, ಮಲಗಲು ಬಿಡುವುದಿಲ್ಲ

ಕಾವಲುಗಾರನ ನಾಯಿಗೆ ರಾತ್ರಿ ಪಾಳಿ. ಇದು ನನಗೆ ಹೊಳೆಯಲು ಆರು ರಾತ್ರಿ ಬೇಕಾಯಿತು. ಬೀದಿಯಲ್ಲಿ ಬೆಳೆದ ನಾಯಿಗಳೂ ಹಗಲು ನೆರಳಿನಲ್ಲಿ ಮಲಗಿ ಇರುಳು ತಿರುಗುತ್ತವೆ, ಬೇಸಿಗೆಯಲ್ಲಂತೂ ಅದೇ ಜಾಣತನ. ಪಾಳಿ ಬದಲಿಸಬೇಕೆಂದರೆ ಸಂಜೆ ಒಳ್ಳೆಯ ನಡಿಗೆ, ತಡವಾದ ಊಟ, ಹತ್ತರ ಸುಮಾರಿಗೆ ಕೊನೆಯ ಬಾರಿ ಹೊರಗೆ. ಮೊದಲ ವಾರಗಳಲ್ಲಿ ನಿಮ್ಮ ಉಸಿರು ಕೇಳುವಷ್ಟು ಹತ್ತಿರ ಮಲಗಲಿ. ಬೇರೆ ಕೋಣೆಯಲ್ಲಿ ಕೂಡಿಹಾಕಿದ ನಾಯಿ ಊಳಿಟ್ಟರೆ ಅದು ಹಟವಲ್ಲ, ಯಾರಾದರೂ ಇದ್ದೀರಾ ಎಂದು ಕೇಳುವುದು. ಮುದಿ ನಾಯಿ ರಾತ್ರಿ ಗುರಿಯಿಲ್ಲದೆ ಸುತ್ತಿ ಗೋಡೆ ನೋಡುತ್ತ ನಿಂತರೆ ಮಾತ್ರ ವೈದ್ಯರಿಗೆ ಹೇಳಿ.

ಲಕ್ಷಣ: ಒಂಟಿಯಾಗಿ ಬಿಟ್ಟರೆ ಬಾಗಿಲು ಕೆರೆಯುತ್ತದೆ

ಹಳೆಯ ಮೊಬೈಲ್‌ನಲ್ಲಿ ವಿಡಿಯೊ ಹಚ್ಚಿಟ್ಟು ಹೋಗಿ. ನೀವು ಹೊರಟ ಅರ್ಧ ಗಂಟೆಯೊಳಗೇ ಕೂಗು, ಜೊಲ್ಲು, ಬಾಗಿಲು ಕೆರೆತ ಶುರುವಾದರೆ ಅದು ಅಗಲಿಕೆಯ ದಿಗಿಲು. ಎರಡು ಗಂಟೆ ಮಲಗಿ, ಆಮೇಲೆ ತರಕಾರಿ ಗಾಡಿಯ ಕೂಗಿಗೆ ಎದ್ದು ಬೊಗಳಿದರೆ ಅದು ಬೇಸರ ಅಥವಾ ಕಾವಲು. ಎರಡನೆಯದಕ್ಕೆ ಕಿಟಕಿಯ ಪರದೆ ಎಳೆದರೆ ಮುಕ್ಕಾಲು ಕೆಲಸ ಆಯಿತು.

ಮೊದಲನೆಯದಕ್ಕೆ ತಾಳ್ಮೆ ಬೇಕು. ಚಪ್ಪಲಿ ಮೆಟ್ಟಿ, ಬೀಗದ ಕೈ ಎತ್ತಿಕೊಂಡು, ಎಲ್ಲಿಗೂ ಹೋಗದೆ ಕುಳಿತುಕೊಳ್ಳಿ. ದಿನಕ್ಕೆ ಹತ್ತು ಬಾರಿ. ಚಪ್ಪಲಿಯ ಸದ್ದಿಗೆ ಅದು ತಲೆ ಎತ್ತದಂತಾದ ಮೇಲೆ ಅರ್ಧ ನಿಮಿಷ ಹೊರಗೆ ನಿಂತು ಬನ್ನಿ. ಆಮೇಲೆ ಎರಡು ನಿಮಿಷ, ಐದು. ಕೂಗು ಶುರುವಾಗುವ ಮೊದಲೇ ಮರಳುವಷ್ಟು ಚಿಕ್ಕ ಹೆಜ್ಜೆ ಇರಲಿ. ಹೋಗುವಾಗ ಬರುವಾಗ ಮುದ್ದಿನ ಸಡಗರ ಬೇಡ. ಬಚ್ಚಲಲ್ಲಿ ಕೂಡಿ ಹೋಗುವುದಂತೂ ಬೇಡವೇ ಬೇಡ. ಉಗುರು ಕಿತ್ತು, ಹಲ್ಲು ಮುರಿದುಕೊಳ್ಳುವ ಮಟ್ಟಕ್ಕೆ ಹೋದರೆ ಇದಕ್ಕೆ ಔಷಧಿಯೂ ಇದೆ, ವೈದ್ಯರನ್ನು ಕೇಳಲು ಸಂಕೋಚ ಬೇಡ.

ಲಕ್ಷಣ: ಗುರುಗುಟ್ಟುತ್ತಿದೆ

ಗುರುಗುಟ್ಟುವ ನಾಯಿ ಉಪಕಾರಿ ನಾಯಿ, ಕಚ್ಚುವ ಮುನ್ನ ಮಾತಾಡುತ್ತಿದೆ. ಅದಕ್ಕೆ ಹೊಡೆದು ಮಾತು ನಿಲ್ಲಿಸಿದರೆ ಉಳಿಯುವುದು ಹಲ್ಲು ಮಾತ್ರ. ಗುರುಗುಟ್ಟುವ ಮುಂಚೆಯೂ ಅದು ಸಣ್ಣ ದನಿಯಲ್ಲಿ ಹೇಳಿರುತ್ತದೆ: ನಿದ್ದೆ ಬಾರದಿದ್ದರೂ ಆಕಳಿಸುವುದು, ಮೂಗು ನೆಕ್ಕಿಕೊಳ್ಳುವುದು, ಮುಖ ತಿರುಗಿಸಿ ಕಣ್ಣಿನ ಬಿಳಿ ಭಾಗದಿಂದ ನೋಡುವುದು, ಮೈ ಮರದಂತೆ ಬಿಗಿಯುವುದು.

ಯಾವಾಗ ಎಂದು ಬರೆದಿಡಿ. ಬೋಗುಣಿಯ ಹತ್ತಿರ ಮಾತ್ರವೇ? ಹಾಗಾದರೆ ಉಣ್ಣುವಾಗ ಯಾರೂ ಸುಳಿಯಬೇಡಿ, ಪರೀಕ್ಷೆಗೆಂದು ಬೋಗುಣಿ ಕಿತ್ತುಕೊಳ್ಳುವ ಪೌರುಷ ಬೇಡ. ಬಾಯಲ್ಲಿ ಸಿಕ್ಕಿಸಿಕೊಂಡ ವಸ್ತು ಬೇಕಾದರೆ ಅದಕ್ಕಿಂತ ರುಚಿಯಾದದ್ದನ್ನು ಒಂದು ಮಾರು ದೂರ ಎಸೆದು ಅದಲುಬದಲು ಮಾಡಿಕೊಳ್ಳಿ. ಮಲಗಿದಾಗ ಮುಟ್ಟಿದರೆ ಮಾತ್ರವೇ? ದೂರದಿಂದ ಹೆಸರು ಕರೆದು ಎಬ್ಬಿಸಿ. ಮೈಯ ಒಂದೇ ಜಾಗ ಮುಟ್ಟಿದಾಗ ಮಾತ್ರವೇ? ಅಲ್ಲಿ ನೋವಿದೆ. ಕಿವಿಯ ಸೋಂಕು, ಸೊಂಟದ ನೋವು ಎಷ್ಟೋ ಬಾರಿ 'ಸಿಟ್ಟಿನ ನಾಯಿ' ಎಂಬ ಹೆಸರು ಪಡೆದಿವೆ. ಗಂಡಸರಿಗೆ, ಅದರಲ್ಲೂ ಕೈಯಲ್ಲಿ ಕೋಲು ಹಿಡಿದವರಿಗೆ ಮಾತ್ರವೇ? ಹಳೆಯ ಪೆಟ್ಟಿನ ನೆನಪು. ನಮ್ಮ ಎದುರುಮನೆಯ ಅಜ್ಜ ಊರುಗೋಲು ಹೊರಗಿಟ್ಟು ಕಟ್ಟೆಯ ಮೇಲೆ ಕುಳಿತು, ಇದರ ಕಡೆ ನೋಡದೆ ಪತ್ರಿಕೆ ಓದುತ್ತ ಎರಡು ವಾರ ರೊಟ್ಟಿಚೂರು ಬೀಳಿಸಿದರು. ಈಗ ಊರುಗೋಲಿನ ಸದ್ದು ಕೇಳಿದರೆ ಮೋತ್ಯಾ ಬಾಲ ಅಲ್ಲಾಡಿಸುತ್ತದೆ.

ಚಿಕ್ಕ ಮಕ್ಕಳನ್ನು ಹೊಸ ನಾಯಿಯ ಜೊತೆ ಒಂದು ಕ್ಷಣವೂ ಒಂಟಿಯಾಗಿ ಬಿಡಬೇಡಿ. ನಾಯಿ ಎಷ್ಟೇ ಸಾಧುವಾಗಿರಲಿ, ತಬ್ಬಿಕೊಳ್ಳುವುದು ಮಕ್ಕಳಿಗೆ ಪ್ರೀತಿ, ಅದಕ್ಕೆ ಸೆರೆ.

ಕಚ್ಚಿದರೆ, ಗೀರಿ ರಕ್ತ ಬಂದರೆ, ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಖಾರದ ಪುಡಿ ಏನನ್ನೂ ಮೆತ್ತಬೇಡಿ. ಅಂದೇ ಆಸ್ಪತ್ರೆಗೆ ಹೋಗಿ. ನಾಯಿಗೆ ಲಸಿಕೆ ಆಗಿದೆ ಎಂದು ನಿಮ್ಮಷ್ಟಕ್ಕೆ ತೀರ್ಮಾನಿಸಿ ಮನೆಯಲ್ಲಿ ಕೂರಬೇಡಿ, ಲಸಿಕೆ ಬೇಕೇ ಎಂದು ವೈದ್ಯರು ಹೇಳಲಿ. ಹತ್ತು ದಿನ ನಾಯಿಯನ್ನು ನೋಡೋಣ ಎಂದು ಚುಚ್ಚುಮದ್ದು ತಡಮಾಡುವುದು ಅಪಾಯ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುಳಿಯುವವರು ಇಲ್ಲವೆನ್ನುವಷ್ಟು ಕಡಿಮೆ.

ಲಕ್ಷಣ: ಬಾಗಿಲು ತೆರೆದರೆ ಓಟ

ಹಳೆಯ ಬೀದಿ ಕರೆಯುತ್ತಿದೆ. ಮೊದಲ ಮೂರು ವಾರ ಎಷ್ಟೇ ಸಾಧುವಾಗಿ ಕಂಡರೂ ಹಗ್ಗವಿಲ್ಲದೆ ಹೊರಗೆ ಬಿಡಬೇಡಿ. ಕೊರಳಪಟ್ಟಿಯೊಳಗೆ ಎರಡು ಬೆರಳು ಮಾತ್ರ ಹಿಡಿಸಬೇಕು. ಹೆದರಿದ ನಾಯಿ ಹಿಂದಕ್ಕೆ ಜಗ್ಗಿದರೆ ಸಡಿಲ ಪಟ್ಟಿ ತಲೆಯ ಮೇಲಿಂದ ಕಳಚಿಬಿಡುತ್ತದೆ. ಎದೆಗೆ ಕಟ್ಟುವ ಪಟ್ಟಿಯೂ ಜೊತೆಗಿದ್ದರೆ ಲೇಸು. ಮೊಬೈಲ್ ಸಂಖ್ಯೆ ಕೆತ್ತಿದ ಬಿಲ್ಲೆ ನೇತುಹಾಕಿ. ದೀಪಾವಳಿಯ ಪಟಾಕಿ, ಮದುವೆ ಮೆರವಣಿಗೆಯ ಡಿಜೆ, ಶರಣಬಸವೇಶ್ವರ ಜಾತ್ರೆಯ ದಿನಗಳ ಗದ್ದಲ ಇರುವಾಗ ನಡಿಗೆ ಬೇಗ ಮುಗಿಸಿ ಒಳಕೋಣೆಯಲ್ಲಿ ಇರಿಸಿ.

ಓಡಿಹೋದರೆ ಬೆನ್ನಟ್ಟಬೇಡಿ. ಮೊದಲು ಹುಡುಕಬೇಕಾದದ್ದು ಅದು ಬಂದ ಜಾಗ. ಮೋತ್ಯಾ ಎರಡನೇ ವಾರ ತಪ್ಪಿಸಿಕೊಂಡು ಸಿಕ್ಕಿದ್ದು ಮಿಲ್ಲಿನ ಗೇಟಿನ ಎದುರು, ಕಾಕಾ ಕೂರುತ್ತಿದ್ದ ಕಲ್ಲಿನ ಮೇಲೆ. ಹತ್ತಿರ ಹೋಗದೆ ಪಕ್ಕದಲ್ಲಿ ಕುಳಿತು ರೊಟ್ಟಿ ಮುರಿಯುತ್ತ ಇದ್ದೆ. ಮುಕ್ಕಾಲು ಗಂಟೆ ಹಿಡಿಯಿತು.

ಲಕ್ಷಣ: ಕೆರೆದುಕೊಳ್ಳುತ್ತಿದೆ

ಕಿವಿಯೊಳಗೆ, ಬೆರಳ ಸಂದಿಯಲ್ಲಿ, ಕೊರಳಪಟ್ಟಿಯ ಕೆಳಗೆ ಉಣ್ಣಿ ಹುಡುಕಿ. ಚಿಮಟದಿಂದ ಚರ್ಮಕ್ಕೆ ತಾಗುವಷ್ಟು ಹತ್ತಿರ ಹಿಡಿದು ನೇರವಾಗಿ ಎಳೆಯಿರಿ, ಉಗುರಿನಿಂದ ಒಡೆಯಬೇಡಿ, ಸೀಮೆಎಣ್ಣೆ ಹಚ್ಚಬೇಡಿ. ಹತ್ತಿಗೆ, ತೊಗರಿಗೆ ಹೊಡೆಯುವ ಕೀಟನಾಶಕವನ್ನು ತೆಳುಮಾಡಿ ನಾಯಿಗೆ ಸವರುವವರಿದ್ದಾರೆ, ಅದರಿಂದ ನಾಯಿ ಸತ್ತುಹೋಗಬಹುದು. ಔಷಧಿಯ ಪ್ರಮಾಣ ತೂಕದ ಮೇಲೆ ನಿಲ್ಲುತ್ತದೆ, ವೈದ್ಯರಿಂದಲೇ ಪಡೆಯಿರಿ. ಉಣ್ಣಿಯ ಜೊತೆ ಜ್ವರ, ಊಟ ಬಿಡುವುದು, ಬಿಳಿಚಿದ ಒಸಡು, ಮೂಗಿನಿಂದ ರಕ್ತ ಕಂಡರೆ ಉಣ್ಣಿಜ್ವರದ ಶಂಕೆ. ರಕ್ತಪರೀಕ್ಷೆ ಅಂದೇ ಆಗಲಿ.

ಊರಿನ ಪಶು ಆಸ್ಪತ್ರೆಯಲ್ಲಿ ಬಗೆಹರಿಯದ ಸಂಗತಿಗೆ ನಮ್ಮ ಭಾಗದವರು ಬೆಂಗಳೂರಿಗೆ ಓಡಬೇಕಿಲ್ಲ. ಪಶುವೈದ್ಯಕೀಯ ವಿಶ್ವವಿದ್ಯಾಲಯ ಇರುವುದೇ ಬೀದರಿನಲ್ಲಿ, ಅಲ್ಲಿನ ಪಶುವೈದ್ಯಕೀಯ ಕಾಲೇಜಿಗೆ ಆಸ್ಪತ್ರೆಯೂ ಇದೆ. ಕಲಬುರಗಿಯಿಂದ ಸುಮಾರು 110 ಕಿಲೋಮೀಟರ್. ಹೋಗುವಾಗ ನೋಟ್‌ಬುಕ್ ಮರೆಯಬೇಡಿ.

ಲಕ್ಷಣ: ಮೊದಲು ಸುಮ್ಮನಿತ್ತು, ಈಗ ಕೆಟ್ಟುಹೋಗಿದೆ

ಮೂರನೇ ವಾರದ ನಂತರ ಬರುವ ದೂರು ಇದು. ಬೊಗಳುತ್ತದೆ, ಚಪ್ಪಲಿ ಕಚ್ಚುತ್ತದೆ, ಕೌದಿಯನ್ನು ಎಳೆದಾಡುತ್ತದೆ. ಮೈಯಲ್ಲಿ ಕಾಯಿಲೆಯಿಲ್ಲ, ಊಟ ನಿದ್ದೆ ಸರಿಯಾಗಿವೆ ಎಂದಾದರೆ ಮೊದಲಿನ ಮೌನವೇ ದಿಗಿಲಾಗಿತ್ತು ಎಂದು ತಿಳಿಯಿರಿ. ಕಲಿಸಬೇಕಾದದ್ದನ್ನು ಕಲಿಸಲು ಈಗ ಹೊತ್ತು ಬಂದಿದೆ.

ಮೋತ್ಯಾ ಮನೆಯಲ್ಲಿ ಮೊದಲ ಬಾರಿ ಬೊಗಳಿದ್ದು ಐದನೇ ವಾರ, ಸಿಲಿಂಡರ್ ಉರುಳಿಸಿಕೊಂಡು ಬಂದ ಹುಡುಗನ ಮೇಲೆ. ಅವನು ಗೇಟಿನ ಹೊರಗೇ ನಿಂತ. ನಾನು ಹೆಸರು ಹಿಡಿದು ಒಳಗೆ ಕರೆದೆ, ಬಂದಿತು, ಒಂದು ಚೂರು ರೊಟ್ಟಿ ಕೊಟ್ಟು ಕೋಣೆಯ ಬಾಗಿಲು ಮುಂದೆ ಮಾಡಿದೆ. ಈಗಲೂ ಪ್ರತಿ ಸಿಲಿಂಡರಿಗೆ ಮೂರು ಬಾರಿ ಬೊಗಳಿ, ತಾನೇ ಕೋಣೆಗೆ ಹೋಗಿ, ರೊಟ್ಟಿಗಾಗಿ ತಿರುಗಿ ನೋಡುತ್ತದೆ.